ಹಡಗಿನ ವೇಳೆ, ಮಾವನ ಗಡಿಯಾರ

ಯಾವ ಪ್ರಯಾಣದ ಮಾತು ಬಂದರೂ ನಮ್ಮ ಮಾವ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟಕ್ಕೆ ಬಿಡುತ್ತದೆ?" ಎಲ್ಲಿಗೆ, ಯಾಕೆ, ಎಷ್ಟು ಖರ್ಚು ಎಂಬುದೆಲ್ಲ ಆಮೇಲಿನ ಮಾತು. ಅವರು ಹುಬ್ಬಳ್ಳಿಯಲ್ಲಿ ಮೂವತ್ತಾರು ವರ್ಷ ಗೂಡ್ಸ್ ಗಾರ್ಡ್ ಆಗಿದ್ದವರು. ಆ ಹುದ್ದೆಗೆ ಈಗ ಟ್ರೇನ್ ಮ್ಯಾನೇಜರ್ ಎಂದು ಹೆಸರು. 2022ರಲ್ಲಿ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, "ಹೆಸರು ದೊಡ್ಡದಾಯಿತು, ಬ್ರೇಕ್ ವ್ಯಾನಿಗೆ ಫ್ಯಾನ್ ಬಂತೋ ಇಲ್ಲವೋ" ಎಂದು ನಕ್ಕಿದ್ದರು. ಹೊಸಪೇಟೆ ಕಡೆಯಿಂದ ಬಂದ ಅದಿರಿನ ಗಾಡಿಗಳ ಬೆನ್ನಿಗೆ, ಗಾರ್ಡ್ ಕೂರುವ ಆ ಕೊನೆಯ ಡಬ್ಬಿ ಬ್ರೇಕ್ ವ್ಯಾನಿನಲ್ಲಿ ಕುಳಿತು ಲೋಂಡಾ, ಕ್ಯಾಸಲ್‌ರಾಕ್ ಎಂದು ರಾತ್ರಿಗಳನ್ನು ಕಳೆದವರು. ಎಡಗೈಯಲ್ಲಿ ಎಚ್‌ಎಂಟಿ ಜನತಾ ಗಡಿಯಾರ. ಅದನ್ನು ತಯಾರಿಸಿದ ಕಂಪನಿಗೇ ಬೀಗ ಬಿದ್ದಿದೆ, ಗಡಿಯಾರ ಮಾತ್ರ ನಿಂತಿಲ್ಲ. ಬೆಳಿಗ್ಗೆ ಚಹಾ ಕುಡಿದ ಮೇಲೆ ಅದಕ್ಕೆ ಚಾವಿ ಕೊಡುವುದು ಅವರ ಪಾಲಿಗೆ ಸಂಧ್ಯಾವಂದನೆಯಷ್ಟೇ ಕಟ್ಟುನಿಟ್ಟಿನ ಕೆಲಸ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಎಂಬತ್ತು ಮಕ್ಕಳನ್ನು ಎರಡು ಬಸ್ಸಿನಲ್ಲಿ ತುಂಬಿಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆ ತೋರಿಸಿ, ಎಂಬತ್ತನ್ನೂ ಎಣಿಸಿ ಮನೆಗೆ ಮುಟ್ಟಿಸುವವಳು. ಹಾಗಾಗಿ ಪ್ರವಾಸದ ಯೋಜನೆಯ ವಿಷಯದಲ್ಲಿ ನನಗೆ ಒಂದಿಷ್ಟು ಜಂಬ ಇತ್ತು. ಅದು ಎಲ್ಲಿ ಇಳಿಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಹಡಗಿನ ಪ್ರವಾಸದ ವಿಚಾರ ಬಂದದ್ದು ಅತ್ತೆಯ ಮೊಣಕಾಲಿನ ದೆಸೆಯಿಂದ. ಮನೆಯಲ್ಲಿ ಆರು ಜನ: ಅತ್ತೆ, ಮಾವ, ನಾವಿಬ್ಬರು, ಏಳನೆಯ ತರಗತಿಯ ಮಗಳು, ಒಂದನೆಯ ತರಗತಿಯ ಮಗ. ಇಂಥ ಸಂಸಾರ ಪರದೇಶಕ್ಕೆ ಹೊರಟರೆ ದಿನಕ್ಕೊಂದು ಹೋಟೆಲು, ದಿನಕ್ಕೊಂದು ಸಲ ಬ್ಯಾಗು ಕಟ್ಟುವುದು, ಬಿಚ್ಚುವುದು, ಯಾರದೋ ಚಪ್ಪಲಿ ಯಾವುದೋ ಕೋಣೆಯಲ್ಲಿ ಉಳಿಯುವುದು. ಹಡಗಾದರೆ ಒಮ್ಮೆ ಬ್ಯಾಗು ಬಿಚ್ಚಿದರೆ ಮುಗಿಯಿತು. ನಾವು ಮಲಗಿರುವಾಗ ಊರೇ ನಡೆದುಕೊಂಡು ಬಾಗಿಲಿಗೆ ಬರುತ್ತದೆ. ಗದಗಿನ ನಾದಿನಿ ಫೋನಿನಲ್ಲಿ, "ಸಮುದ್ರ ನೋಡುವುದಕ್ಕೆ ಸಿಂಗಪುರದ ತನಕ ಹೋಗಬೇಕೇ? ಕಾರವಾರ ನಾಲ್ಕು ತಾಸಿನ ದಾರಿ" ಎಂದಳು. ಮಾತು ಖರೆ. ಆದರೆ ಕಾರವಾರದಲ್ಲಿ ನಾವು ಸಮುದ್ರವನ್ನು ನೋಡುತ್ತೇವೆ, ಹಡಗಿನಲ್ಲಿ ಸಮುದ್ರದಿಂದ ಊರನ್ನು ನೋಡುತ್ತೇವೆ ಎಂದು ಏನೋ ಜಾಣತನದ ಉತ್ತರ ಕೊಟ್ಟೆ. ಆ ಕ್ಷಣಕ್ಕೆ ಅದರ ಅರ್ಥ ನನಗೂ ಗೊತ್ತಿರಲಿಲ್ಲ.

ಸಿಂಗಪುರದಿಂದ ಹೊರಟು, ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಮುಟ್ಟಿ, ಮತ್ತೆ ಸಿಂಗಪುರಕ್ಕೆ ಬರುವ ನಾಲ್ಕು ರಾತ್ರಿಯ ಪ್ರವಾಸ. ಏಪ್ರಿಲ್ ತಿಂಗಳು, ಮಕ್ಕಳಿಗೆ ರಜೆ. ಮಾವನಿಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೊದಲ ಪಾಸ್‌ಪೋರ್ಟ್. ಕಾಗದಪತ್ರದ ಗೋಳನ್ನು ಇಲ್ಲಿ ಬಿಚ್ಚುವುದಿಲ್ಲ, ಎರಡೇ ಮಾತು ಹೇಳುತ್ತೇನೆ. ಸಿಂಗಪುರದಿಂದ ಹೊರಟು ಸಿಂಗಪುರಕ್ಕೇ ಮರಳುವ ಹಡಗೆಂದರೆ ಆ ದೇಶವನ್ನು ಎರಡು ಸಲ ಹೊಕ್ಕಂತೆ. ವೀಸಾದಲ್ಲಿ ಅದಕ್ಕೆ ಅವಕಾಶ ಇದೆಯೇ ಎಂದು ನೋಡಿಕೊಳ್ಳಬೇಕು. ಹಡಗು ನಿಲ್ಲುವ ಪ್ರತಿ ದೇಶದ ನಿಯಮವನ್ನೂ ಬೇರೆ ಬೇರೆಯಾಗಿ ಓದಬೇಕು. ಇಳಿಯುವುದೇ ಇಲ್ಲ, ಹಡಗಿನಲ್ಲೇ ಇರುತ್ತೇವೆ ಎಂದುಕೊಂಡವರೂ ಓದಬೇಕು.

ನಿಜವಾದ ತಲೆನೋವು ಶುರುವಾದದ್ದು ಟಿಕೆಟ್ ತೆಗೆಸಿದ ಮೇಲೆ. ಹಡಗಿನವರು ಪ್ರತಿ ಬಂದರಿಗೂ ಒಂದು ಪಟ್ಟಿ ಕೊಡುತ್ತಾರೆ, ಶೋರ್ ಎಕ್ಸ್‌ಕರ್ಶನ್ ಎಂದು. ಹಡಗಿನಿಂದ ಇಳಿದು ದಡದಲ್ಲಿ ಏನು ನೋಡುತ್ತೀರಿ ಎಂಬುದರ ಪಟ್ಟಿ. ಮದುವೆ ಊಟದ ಎಲೆಯಂತೆ ಎಲ್ಲವೂ ಅದರಲ್ಲಿದೆ: ದೇವಸ್ಥಾನ, ಚಿಟ್ಟೆಗಳ ತೋಟ, ಮಸಾಲೆ ತೋಟ, ಆನೆ, ದೋಣಿ, ಅಡುಗೆ ಕಲಿಸುವ ಮನೆ, ಸಾವಿರ ಮೆಟ್ಟಿಲಿನ ಗುಡ್ಡ. ರಾತ್ರಿ ಊಟದ ನಂತರ ಲ್ಯಾಪ್‌ಟಾಪ್ ತೆರೆದು ಕುಳಿತರೆ ಮಗ ಚಿತ್ರ ನೋಡಿ ಎಲ್ಲವನ್ನೂ ಬೇಕು ಎನ್ನುತ್ತಿದ್ದ, ಮಗಳು ಯಾವುದೂ ಬೇಡ ಎನ್ನುತ್ತಿದ್ದಳು. ಯಜಮಾನರು ಬೆಲೆಯನ್ನು ಆರರಿಂದ ಗುಣಿಸುತ್ತಿದ್ದರು. ಮಾವ ದೂರದಿಂದಲೇ ಒಮ್ಮೆ ಕೇಳಿದರು, "ಆ ಪೆನಾಂಗಿನ ಗುಡ್ಡದ ಗಾಡಿ ಎಷ್ಟು ಏರು ಇದೆ?" 1923ರಲ್ಲಿ ಶುರುವಾದ, ಹಗ್ಗದಿಂದ ಎಳೆಯುವ ರೈಲು ಅದು. ನೆಟ್ಟಗೆ ಗುಡ್ಡ ಹತ್ತುತ್ತದೆ. "ಅಲ್ಲಿ ಸರತಿ ಬಹಳ ಅಂತೆ ಮಾವ, ಮಕ್ಕಳು ಬೇಸತ್ತುಬಿಡುತ್ತಾರೆ" ಎಂದೆ. "ಹೌದೇ" ಎಂದು ಸುಮ್ಮನಾದರು. ನಾನು ಮುಂದಿನ ಸಾಲಿಗೆ ಹೋದೆ.

ಮೂರು ರಾತ್ರಿ ಆ ಪಟ್ಟಿಯನ್ನು ಓದಿ ನನಗೆ ಹೊಳೆದದ್ದು ಇಷ್ಟು. ಎಂಟು ತಾಸು ಎಂದು ಬರೆದಿದ್ದರೆ ಅದರಲ್ಲಿ ಬಸ್ಸಿನ ತಾಸು ಎಷ್ಟು ಎಂದು ಮೊದಲು ನೋಡಬೇಕು. ಫುಕೆಟ್‌ನಿಂದ ಫಾಂಗ್ ನಾ ಕೊಲ್ಲಿಗೆ, ಸುಣ್ಣಕಲ್ಲಿನ ಬಂಡೆಗಳು ನೀರಿನಿಂದ ನೆಟ್ಟಗೆ ಎದ್ದು ನಿಂತ ಆ ಪ್ರಸಿದ್ಧ ಜಾಗಕ್ಕೆ, ಹೋಗಿ ಬರುವ ಪ್ರವಾಸ ಎಲ್ಲರ ಬಾಯಲ್ಲೂ ಇರುವಂಥದ್ದು. ಚಿತ್ರ ನೋಡಿದರೆ ಬಿಡಲು ಮನಸ್ಸಾಗುವುದಿಲ್ಲ. ಲೆಕ್ಕ ಹಾಕಿದರೆ ರಸ್ತೆಯ ಮೇಲೆಯೇ ಮೂರು ನಾಲ್ಕು ತಾಸು, ಮೇಲೆ ಬಿಸಿಲಿನಲ್ಲಿ ದೋಣಿ. ಆರು ವರ್ಷದವನನ್ನು ಅಷ್ಟು ಹೊತ್ತು ಬಸ್ಸಿನಲ್ಲಿ ಕೂರಿಸುವುದಾದರೆ ಹುಬ್ಬಳ್ಳಿಯಿಂದ ಶಿರಸಿಗೆ ಹೋಗಿ ಬಂದರೂ ಸಾಕು, ಅಲ್ಲಿ ಮಾರಿಕಾಂಬೆಯ ದರ್ಶನವಾದರೂ ಆಗುತ್ತದೆ. ಮಧ್ಯಾಹ್ನದ ಊಟ ಸೇರಿದೆ ಎಂಬ ಸಾಲನ್ನು ನಂಬುವ ಮೊದಲು ಆ ಊಟ ಯಾವುದು ಎಂದು ಕೇಳಬೇಕು. ನಮ್ಮಂಥ ಸಸ್ಯಾಹಾರಿಗಳಿಗೆ ಅದು ಅನ್ನ ಮತ್ತು ಕಲ್ಲಂಗಡಿ ಹಣ್ಣು ಆಗಿಬಿಡಬಹುದು. ಎಷ್ಟು ಮೆಟ್ಟಿಲು, ಶೌಚಾಲಯ ಎಲ್ಲಿ, ನಡುವೆ ಯಾವ ಅಂಗಡಿಯ ಮುಂದೆ ನಿಲ್ಲಿಸುತ್ತಾರೆ ಎಂಬುದು ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ. ಆನೆ ಸವಾರಿಯನ್ನು ನಾನು ಮೊದಲೇ ತೆಗೆದುಹಾಕಿದೆ. ಮಗ ಎರಡು ದಿನ ಮುನಿಸಿಕೊಂಡಿದ್ದ. ಆನೆಯ ಬೆನ್ನಿನ ಮೇಲೆ ಕಬ್ಬಿಣದ ಕುರ್ಚಿ ಕಟ್ಟಿ ದಿನವಿಡೀ ಜನರನ್ನು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಈ ವಿಷಯದಲ್ಲಿ ಮಕ್ಕಳ ಮತ ಕೇಳುವುದಕ್ಕೂ ಹೋಗಲಿಲ್ಲ.

ಇನ್ನೊಂದು ಮುಖ್ಯ ವಿಷಯ. ಹಡಗಿನವರೇ ಏರ್ಪಡಿಸಿದ ತಿರುಗಾಟ ದುಬಾರಿ, ಆದರೆ ಅವರ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನಾವಾಗಿ ಗಾಡಿ ಮಾಡಿಕೊಂಡು ಹೋದರೆ ಅಗ್ಗ, ಮನಸ್ಸಿಗೆ ಬಂದಲ್ಲಿ ನಿಲ್ಲಿಸಬಹುದು, ಆದರೆ ತಡವಾದರೆ ಹಡಗು ನಮ್ಮನ್ನು ಬಿಟ್ಟು ಹೊರಟೇ ಹೋಗುತ್ತದೆ. ಮುಂದಿನ ಬಂದರನ್ನು ನಮ್ಮ ಖರ್ಚಿನಲ್ಲಿ ನಾವೇ ಹೋಗಿ ಮುಟ್ಟಬೇಕು. ಇದನ್ನು ವಿವರಿಸಿದಾಗ ಮಾವನಿಗೆ ಒಂದಿಷ್ಟೂ ಅಚ್ಚರಿಯಾಗಲಿಲ್ಲ. "ಮತ್ತೇನು, ಹಸಿರು ಬಾವುಟ ತೋರಿಸಿದ ಮೇಲೆ ಯಾರಿಗಾಗಿ ನಿಲ್ಲುತ್ತಾರೆ?" ಎಂದರು.

ಕೊನೆಗೆ ಪೆನಾಂಗ್‌ನಲ್ಲಿ ನಡೆದೇ ತಿರುಗುವುದು, ಫುಕೆಟ್‌ನಲ್ಲಿ ಒಂದು ವ್ಯಾನ್ ಮಾಡಿಕೊಳ್ಳುವುದು ಎಂದು ತೀರ್ಮಾನವಾಯಿತು.

ಹಡಗಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರ ವರ್ಣನೆ ಎಲ್ಲೆಲ್ಲೂ ಸಿಗುತ್ತದೆ. ಉದ್ದ 347 ಮೀಟರ್ ಎಂದು ಗೊತ್ತಾದ ಕೂಡಲೇ ಮಾವ ಮನಸ್ಸಿನಲ್ಲೇ ಭಾಗಾಕಾರ ಮಾಡಿದರು. ನಮ್ಮ ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. "ಇಂಥ ನಾಲ್ಕು ಹಡಗು ಸಾಲಾಗಿ ನಿಲ್ಲಿಸಿದರೂ ನೂರು ಮೀಟರಿನ ಮೇಲೆ ಜಾಗ ಉಳಿಯುತ್ತದೆ" ಎಂದು ಲಿಫ್ಟಿನಲ್ಲಿದ್ದ ಅಪರಿಚಿತರಿಗೂ ಹೇಳಿದರು. ಅತ್ತೆ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಊಟದ ಮನೆಗೆ ಒಯ್ದು ಅಲ್ಲಿಯ ಬ್ರೆಡ್ಡಿಗೆ ಹಚ್ಚಿಕೊಂಡರು. ಉಣಕಲ್ ಕೆರೆಯ ಪೆಡಲ್ ದೋಣಿಯನ್ನು ಬಿಟ್ಟರೆ ನೀರಿನ ಮೇಲಿನ ಬೇರೆ ವಾಹನ ಕಾಣದ ಮಗ, ಮೊದಲ ರಾತ್ರಿ, "ಇದನ್ನು ಯಾರು ತುಳಿಯುತ್ತಾರೆ?" ಎಂದು ಕೇಳಿದ.

ಹೊರಡುವ ಮೊದಲು ಎಲ್ಲರೂ ಕಡ್ಡಾಯವಾಗಿ ಮಾಡಬೇಕಾದ ಕೆಲಸವೊಂದಿದೆ, ಅದಕ್ಕೆ ಮಸ್ಟರ್ ಎನ್ನುತ್ತಾರೆ. ಅಪಾಯದ ಗಂಟೆ ಬಾರಿಸಿದರೆ ಯಾವ ಜಾಗಕ್ಕೆ ಬಂದು ನಿಲ್ಲಬೇಕು, ಜೀವರಕ್ಷಕ ಜಾಕೆಟ್ ತೊಡುವುದು ಹೇಗೆ ಎಂದು ತೋರಿಸುತ್ತಾರೆ. "ಮಸ್ಟರ್ ಎಂದರೆ ನಮ್ಮಲ್ಲಿ ಹಾಜರಿ ಪುಸ್ತಕ" ಎಂದು ಮಾವ ಖುಷಿಪಟ್ಟರು. 2012ರ ಜನವರಿಯಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ದಿನವೇ ಹತ್ತಿದ್ದ ಪ್ರಯಾಣಿಕರಿಗೆ ಈ ಅಭ್ಯಾಸ ಆಗಿರಲಿಲ್ಲ. ಹಡಗು ಹೊರಡುವ ಮುನ್ನವೇ ಇದು ಮುಗಿಯಬೇಕು ಎಂಬ ಬಿಗಿ ಬಂದದ್ದು ಆಮೇಲೆ. ಮಕ್ಕಳ ಕೈಗೆ ಅವರ ಜಾಗದ ಗುರುತಿನ ಪಟ್ಟಿ ಕಟ್ಟಿದರು. ಮಗ ಅದನ್ನು ಹುಬ್ಬಳ್ಳಿಗೆ ಬಂದ ಮೇಲೂ ವಾರ ಬಿಚ್ಚಲಿಲ್ಲ.

ಸಿಂಗಪುರದ ವೇಳೆ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ಹಡಗಿನ ಮೆಟ್ಟಿಲು ಹತ್ತುವ ಮೊದಲು ಮಾವ ಬದಿಗೆ ನಿಂತು, ಗಡಿಯಾರದ ಗುಬುಟು ಎಳೆದು, ಮುಳ್ಳು ತಿರುಗಿಸಿ, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದು, ಒತ್ತಿದರು. ಹಿಂದೆ ಸರತಿ ನಿಂತಿತ್ತು. ನನಗೆ ಮುಜುಗರ.

ಪೆನಾಂಗ್‌ಗೆ ಮರುದಿನ ಮಧ್ಯಾಹ್ನ ಒಂದಕ್ಕೆ ಬಂದೆವು. ಅಲ್ಲಿಯ ಸ್ವೆಟೆನ್‌ಹ್ಯಾಮ್ ಧಕ್ಕೆ ಜಾರ್ಜ್‌ಟೌನ್ ಊರಿಗೇ ಅಂಟಿಕೊಂಡಿದೆ, ಇಳಿದು ರಸ್ತೆ ದಾಟಿದರೆ ಹಳೆಯ ಊರು. ಮೊದಲಿಗೇ ಎದುರಾಗುವುದು ಬಿಳಿಯ ಗಡಿಯಾರ ಗೋಪುರ. ವಿಕ್ಟೋರಿಯಾ ರಾಣಿ ಪಟ್ಟಕ್ಕೇರಿ 60 ವರ್ಷವಾದದ್ದಕ್ಕೆ, 1897ರ ನೆನಪಿಗೆ, ವರ್ಷಕ್ಕೊಂದು ಅಡಿಯ ಲೆಕ್ಕದಲ್ಲಿ 60 ಅಡಿ ಎತ್ತರ ಕಟ್ಟಿಸಿದ್ದು. ಎರಡನೆಯ ಮಹಾಯುದ್ಧದ ಬಾಂಬಿನ ಏಟಿಗೆ ತುಸು ವಾಲಿದೆ. ಮಾವ ಅದರ ಕೆಳಗೆ ನಿಂತು ತಮ್ಮ ಗಡಿಯಾರವನ್ನೂ ಅದನ್ನೂ ನೋಡಿ ತಲೆಯಾಡಿಸಿದರು. ಅವರ ಮಟ್ಟಿಗೆ ಪೆನಾಂಗ್ ಅಲ್ಲಿಗೇ ಪಾಸಾಯಿತು.

ಪಕ್ಕದಲ್ಲೇ ಕೋಟೆ. 1786ರಲ್ಲಿ ಫ್ರಾನ್ಸಿಸ್ ಲೈಟ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಕಪ್ತಾನ ಬಂದಿಳಿದ ಜಾಗ. ಹೆಸರು ಕಾರ್ನ್‌ವಾಲಿಸ್ ಕೋಟೆ. ಯಾವುದೂ ಬೇಡ ಎಂದು ಮೊಬೈಲಿನಲ್ಲಿ ಮುಳುಗಿದ್ದ ಮಗಳು ಫಲಕ ನೋಡಿ ತಲೆ ಎತ್ತಿದಳು. "ಅವನೇ ಏನು? ಶ್ರೀರಂಗಪಟ್ಟಣದ ಒಪ್ಪಂದದವನು?" ಅವನೇ. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಇಟ್ಟುಕೊಂಡ ಕಾರ್ನ್‌ವಾಲಿಸ್. ಅವಳು ತಮ್ಮನಿಗೆ ಆ ಕಥೆ ಹೇಳತೊಡಗಿದಳು, ನಾನು ತರಗತಿಯಲ್ಲಿ ಎಂದೂ ಕೇಳದಷ್ಟು ಚೆನ್ನಾಗಿ. ಮಗ ಮಧ್ಯದಲ್ಲೇ ನಿಲ್ಲಿಸಿ, "ಅವರ ಅಪ್ಪ ಬಿಡಿಸಿಕೊಂಡು ಹೋಗಲಿಲ್ಲವೇ?" ಎಂದ. "ಎರಡು ವರ್ಷದ ಮೇಲೆ ವಾಪಸ್ ಕಳಿಸಿದರು." "ಎರಡು ವರ್ಷ ಅಂದರೆ ಎಷ್ಟು?" "ನೀನು ಮೂರನೆಯ ತರಗತಿಗೆ ಹೋಗುವಷ್ಟು." ಅವನು ಅಲ್ಲಿಂದ ಮುಂದೆ ಅರ್ಧ ತಾಸು ಅಪ್ಪನ ಕೈ ಬಿಡಲಿಲ್ಲ. ಹಣ ಕೊಟ್ಟು ಗೈಡ್ ಮಾಡಿದ್ದರೆ ಆತ ಇಂಗ್ಲಿಷಿನಲ್ಲಿ ತೋಪುಗಳ ವಿಷಯ ಹೇಳುತ್ತಿದ್ದ.

ಏಪ್ರಿಲ್ ಧಗೆ ಅಲ್ಲಿ ನಮ್ಮೂರಿನದಕ್ಕಿಂತ ಬೇರೆ ಬಗೆಯದು. ಹುಬ್ಬಳ್ಳಿಯ ಬಿಸಿಲು ಸುಡುತ್ತದೆ, ಪೆನಾಂಗ್‌ನ ಬಿಸಿಲು ಬೇಯಿಸುತ್ತದೆ. ನಮ್ಮನ್ನು ಕಾಪಾಡಿದ್ದು ಅಲ್ಲಿಯ ಅಂಗಡಿಗಳ ಮುಂದಿನ ಮುಚ್ಚಿದ ಪಡಸಾಲೆ. ಸಾಲುಸಾಲಾಗಿ ಒಂದಕ್ಕೊಂದು ತಾಗಿ ನೆರಳಿನಲ್ಲೇ ರಸ್ತೆಯುದ್ದಕ್ಕೂ ನಡೆಯಬಹುದು. ಅತ್ತೆ ಪ್ರತಿ ನಾಲ್ಕನೆಯ ಅಂಗಡಿಯ ಕಟ್ಟೆಗೆ ಕುಳಿತರು, ಯಾರೂ ಎಬ್ಬಿಸಲಿಲ್ಲ. ಈ ಊರು, ಮಲಾಕ್ಕಾ ಎರಡೂ ಸೇರಿ 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಲಿಟಲ್ ಇಂಡಿಯಾದಲ್ಲಿ 1833ರ ಮಹಾಮಾರಿಯಮ್ಮನ್ ಗುಡಿ. ಅತ್ತೆಗೆ ತಮಿಳು ಬರುವುದಿಲ್ಲ, ಹೂವು ಮಾರುವಾಕೆಗೆ ಕನ್ನಡ ಬರುವುದಿಲ್ಲ. ಹತ್ತು ನಿಮಿಷ ಮಾತಾಡಿದರು. ಅರ್ಮೇನಿಯನ್ ಬೀದಿಯಲ್ಲಿ ಗೋಡೆಗೆ ನಿಜವಾದ ಸೈಕಲ್ ಜೋಡಿಸಿ ಅದರ ಮೇಲೆ ಇಬ್ಬರು ಮಕ್ಕಳನ್ನು ಬರೆದ 2012ರ ಚಿತ್ರವಿದೆ. ಅದರ ಮುಂದೆ ಫೋಟೊಕ್ಕೆ ಸರತಿ ನಿಂತಿತ್ತು, ನಾವೂ ನಿಂತೆವು.

ಸಂಜೆಗೆ ಚ್ಯೂ ಜೆಟ್ಟಿ. ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ ಚೀನೀ ಮನೆತನವೊಂದರ ಓಣಿ. ಹಲಗೆಯ ದಾರಿ, ಎರಡೂ ಬದಿಗೆ ಮನೆ, ಬಾಗಿಲಲ್ಲಿ ಚಪ್ಪಲಿ, ಒಣಗಲು ಹಾಕಿದ ಬಟ್ಟೆ. ಮಗ ಹಲಗೆಗಳ ನಡುವಿನ ಸಂದಿಯನ್ನು ಕಂಡುಹಿಡಿದ. ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಸಂದಿಗೆ ಇಟ್ಟ. ಕೆಳಗೆ ಕೆಸರು ನೀರು, ಕಂಬಕ್ಕೆ ಅಂಟಿದ ಚಿಪ್ಪುಗಳು, ಒಂದು ಏಡಿ. ಏಡಿ ಕಂಬದ ಹಿಂದೆ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಇಪ್ಪತ್ತು ನಿಮಿಷ ಆತ ಏಳಲಿಲ್ಲ. ಇದು ಜನ ವಾಸಿಸುವ ಓಣಿ, ದಾರಿಗೆ ಅಡ್ಡವಾಗಬಾರದು ಎಂದು ನಾನು ಎಬ್ಬಿಸಲು ಹೋದರೆ, ಆ ಮನೆಯ ಅಜ್ಜಿಯೊಬ್ಬರು ಅವನನ್ನು ದಾಟಿಕೊಂಡು ಹೋಗಿ ಬಕೆಟ್ ಇಟ್ಟು ಬಂದರು.

ಏಳೂವರೆಗೆ ಹಡಗಿಗೆ ಮರಳಿದೆವು. ಎಂಟಕ್ಕೆ ಎಲ್ಲರೂ ಒಳಗಿರಬೇಕಿತ್ತು, ಒಂಬತ್ತಕ್ಕೆ ಹೊರಡುವುದು. ನನ್ನ ಜಂಬಕ್ಕೆ ಮತ್ತೊಂದು ಗರಿ.

ಫುಕೆಟ್‌ನಲ್ಲಿ ಹಡಗು ದಡಕ್ಕೆ ಬರಲಿಲ್ಲ. ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿತು. ಅಲ್ಲಿಂದ ದಡಕ್ಕೆ ಟೆಂಡರ್ ಎಂಬ ದೋಣಿಗಳಲ್ಲಿ ಹೋಗಬೇಕು. ಹಡಗಿನ ತಿರುಗಾಟ ಕೊಂಡವರಿಗೆ ಮೊದಲ ಸರದಿ, ನಮ್ಮಂಥವರು ನಂಬರಿನ ಚೀಟಿ ಹಿಡಿದು ಕೂರಬೇಕು. ದಡದ ಸಮಯದಿಂದ ಒಂದೂವರೆ ತಾಸು ಹೀಗೆ ಸೋರಿಹೋಗುತ್ತದೆ ಎಂಬುದನ್ನು ಬುಕ್ ಮಾಡುವಾಗ ಯಾರೂ ಹೇಳುವುದಿಲ್ಲ. ಅತ್ತೆ ಇಳಿಯುವುದಿಲ್ಲ ಎಂದರು. ಬಂದರಿನ ದಿನ ಹಡಗು ಖಾಲಿ ಇರುತ್ತದೆ, ಕುರ್ಚಿಗೆ ಜಗಳವಿಲ್ಲ, ಲಿಫ್ಟಿಗೆ ಕಾಯುವುದಿಲ್ಲ. ಇಳಿಯದಿರುವುದೂ ಒಂದು ಆಯ್ಕೆ, ಚಿಕ್ಕ ಕೂಸು ಇರುವವರಿಗಂತೂ ಅದೇ ಒಳ್ಳೆಯದು. ನಾನು ಮಕ್ಕಳಿಬ್ಬರ ಜೇಬಿನಲ್ಲೂ ಹಡಗಿನ ಹೆಸರು, ಬಂದರಿನ ಹೆಸರು, ನನ್ನ ಮೊಬೈಲ್ ನಂಬರ್ ಬರೆದ ಚೀಟಿ ಇಟ್ಟೆ, ಶಾಲೆಯ ಪ್ರವಾಸದ ಅಭ್ಯಾಸ.

ದೋಣಿ ಮೇಲೆ ಕೆಳಗೆ ತೂಗುತ್ತಿತ್ತು. ದಾಟಿಸಲು ಇಬ್ಬರು ನಾವಿಕರು ಮಾವನ ತೋಳು ಹಿಡಿಯಲು ಬಂದರು. ಮಾವ ಒಂದು ಕ್ಷಣ ನೋಡಿದರು, ದೋಣಿ ಮೇಲೆ ಬಂದ ಹದ ಹಿಡಿದು ಒಂದೇ ಹೆಜ್ಜೆ ಇಟ್ಟರು. ನೆಲಮಟ್ಟದಿಂದ, ಕತ್ತಲಲ್ಲಿ, ಜಲ್ಲಿಯ ಮೇಲೆ ನಿಂತು ಬ್ರೇಕ್ ವ್ಯಾನ್ ಹತ್ತಿದ ಕಾಲು ಅದು.

ದಡದಲ್ಲಿ ವ್ಯಾನ್ ಸಿಕ್ಕಿತು. ಐದು ಜನರಿಗೆ ಹಡಗಿನವರ ತಿರುಗಾಟದ ಟಿಕೆಟ್ಟಿಗೆ ಹೋಲಿಸಿದರೆ ಬಾಡಿಗೆ ಏನೂ ಅಲ್ಲ. ವಾಟ್ ಚಲೋಂಗ್ ಗುಡಿ ನೋಡಿ ಹಳೆಯ ಫುಕೆಟ್ ಊರಿಗೆ ಬಂದೆವು. ತವರದ ಗಣಿಗಳಿಂದ ದುಡ್ಡು ಮಾಡಿದ ಊರು, ಆ ಕಾಲದ ಚೀನೀ ವ್ಯಾಪಾರಿಗಳ ಬಣ್ಣಬಣ್ಣದ ಮನೆಗಳು ಥಲಾಂಗ್ ರಸ್ತೆಯಲ್ಲಿ ಸಾಲಾಗಿವೆ. ಊಟವಾಯಿತು. ಮಕ್ಕಳು ಐಸ್‌ಕ್ರೀಮ್ ತಿಂದರು, ಇನ್ನೊಂದು ಕೇಳಿದರು. ಮೊಬೈಲ್ ನೋಡಿದೆ: 1:20. ಹಡಗಿಗೆ ಕೊನೆಯ ದೋಣಿ ನಾಲ್ಕಕ್ಕೆ. ಎರಡು ತಾಸು ನಲವತ್ತು ನಿಮಿಷ ಇದೆ, ಪಟಾಂಗ್‌ಗೆ ಮುಕ್ಕಾಲು ತಾಸಿನ ದಾರಿ. "ತಿನ್ನಿರಿ, ಎರಡೂವರೆಗೆ ಹೊರಟರಾಯಿತು" ಎಂದೆ.

ಮಾವ ಎದ್ದು ನಿಂತಿದ್ದರು. "ನೋಡವ್ವಾ, ಎರಡು ಇಪ್ಪತ್ತು ಆಯಿತು."

"ನಿಮ್ಮ ಗಡಿಯಾರ ಒಂದು ತಾಸು ಮುಂದಿದೆ ಮಾವ."

"ಮುಂದಿಲ್ಲ. ಇದು ಹಡಗಿನ ವೇಳೆ."

ನಗುತ್ತಾ ಮೊಬೈಲನ್ನು ಅವರ ಮುಂದೆ ಹಿಡಿದೆ. ಹಿಡಿದ ಕೈ ಅಲ್ಲೇ ನಿಂತಿತು. ಥಾಯ್ಲೆಂಡ್ ಸಿಂಗಪುರಕ್ಕಿಂತ ಒಂದು ತಾಸು ಹಿಂದೆ. ದಡ ಸೇರಿದ ಕೂಡಲೇ ಮೊಬೈಲ್ ತಾನಾಗಿಯೇ ಥಾಯ್ ವೇಳೆಗೆ ಬದಲಾಗಿತ್ತು, ಹಡಗು ಬದಲಾಗಿರಲಿಲ್ಲ. ಮಾವ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಾಳೆ ತೆಗೆದರು. ಹಿಂದಿನ ರಾತ್ರಿ ಕೋಣೆಗೆ ಹಾಕಿದ ದಿನದ ಕಾರ್ಯಕ್ರಮ ಅದು. ಹಡಗಿನ ವೇಳೆಯನ್ನೇ ಪಾಲಿಸಿ ಎಂದು ಅದರ ತಲೆಯ ಮೇಲೆಯೇ ಇತ್ತು. ನಾನು ಅದರಲ್ಲಿ ಮಕ್ಕಳ ಆಟದ ಹೊತ್ತನ್ನಷ್ಟೇ ನೋಡಿದ್ದೆ. ನನ್ನ ಲೆಕ್ಕದಂತೆ ಎರಡೂವರೆಗೆ ಹೊರಟಿದ್ದರೆ, ಆಗ ಹಡಗಿನಲ್ಲಿ ಮೂರೂವರೆ. ಗಣಿತದ ಟೀಚರ್.

ಪಟಾಂಗ್‌ಗೆ ಒಂದು ಗುಡ್ಡ ದಾಟಿ ಇಳಿಯಬೇಕು, ಆ ಏರಿನಲ್ಲಿ ವಾಹನಗಳು ಕಟ್ಟಿಕೊಂಡಿದ್ದವು. ವ್ಯಾನ್ ಹತ್ತು ಮಾರು ಹೋಗುತ್ತದೆ, ನಿಲ್ಲುತ್ತದೆ. ಯಜಮಾನರು ಮಾತಾಡಲಿಲ್ಲ. ಮಗಳು ನನ್ನ ಮುಖ ನೋಡಿ ಮೊಬೈಲ್ ಕೆಳಗಿಟ್ಟಳು. ಮಾವ ಮಾತ್ರ, ಬೇರೆ ರೈಲಿಗೆ ದಾರಿ ಬಿಡಲು ಲೂಪ್ ಲೈನಿನಲ್ಲಿ ನಿಂತ ಗೂಡ್ಸ್ ಗಾಡಿಯಲ್ಲಿ ಕುಳಿತವರಂತೆ, ಮೊಮ್ಮಕ್ಕಳಿಗೆ ಕಥೆ ತೆಗೆದರು. ಒಂದು ಕಾಲಕ್ಕೆ ನಮ್ಮ ದೇಶದಲ್ಲೂ ಊರಿಗೊಂದು ವೇಳೆ ಇತ್ತು. ರೈಲುಗಳು ಮದ್ರಾಸಿನ ವೇಳೆಯಲ್ಲಿ ಓಡುತ್ತಿದ್ದವು. 1906ರಲ್ಲಿ ಇಡೀ ದೇಶಕ್ಕೆ ಒಂದೇ ವೇಳೆ ಎಂದು ಆದರೂ ಮುಂಬಯಿ ತನ್ನ ವೇಳೆಯನ್ನು 1955ರವರೆಗೆ ಬಿ­ಡಲಿಲ್ಲ. "ಹಾಗಾದರೆ ಜನ ರೈಲು ತಪ್ಪಿಸಿಕೊಳ್ಳುತ್ತಿದ್ದರೇ ಅಜ್ಜಾ?" "ಸ್ಟೇಷನ್ನಿನ ಗಡಿಯಾರ ನೋಡಿದವರು ತಪ್ಪಿಸಿಕೊಳ್ಳುತ್ತಿರಲಿಲ್ಲ." ಅವರು ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ.

ಧಕ್ಕೆ ಮುಟ್ಟಿದಾಗ ಮಾವನ ಗಡಿಯಾರದಲ್ಲಿ 3:38. ನಮ್ಮ ಮುಂದೆ ಹಡಗಿನ ತಿರುಗಾಟದ ಗುಂಪೊಂದು ಎಳನೀರು ಹೀರುತ್ತಾ ನಿಧಾನವಾಗಿ ಸಾಲಿಗೆ ಬರುತ್ತಿತ್ತು. ಅವರು ಕೊಟ್ಟ ಹೆಚ್ಚಿನ ದುಡ್ಡು ಯಾವುದಕ್ಕೆ ಎಂದು ಆಗ ಗೊತ್ತಾಯಿತು, ಆ ನಿಧಾನಕ್ಕೆ. ಈಗ ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಹೀಗೆ: ಹಡಗು ಊರಿಗೇ ಅಂಟಿ ನಿಲ್ಲುವ ಬಂದರಿನಲ್ಲಿ ನಿಮ್ಮ ಪಾಡಿಗೆ ತಿರುಗಿ. ದೋಣಿಯಲ್ಲಿ ಇಳಿಯುವ, ಗುಡ್ಡ ದಾಟುವ ಬಂದರಿನಲ್ಲಿ ಮಕ್ಕಳೊಂದಿಗೆ ಇದ್ದರೆ ಹಡಗಿನವರ ಬಸ್ಸನ್ನೇ ಹತ್ತಿ, ಇಲ್ಲವೇ ದಡದ ಆಸುಪಾಸಿನಲ್ಲೇ ಇದ್ದುಬಿಡಿ. ಮೊಬೈಲಿನ ವೇಳೆ ತಾನಾಗಿ ಬದಲಾಗುವುದನ್ನು ನಿಲ್ಲಿಸಿ. ಮನೆಯಲ್ಲಿ ಹಳೆಯ ಚಾವಿ ಗಡಿಯಾರ ಇದ್ದರೆ ಒಯ್ಯಿರಿ.

ಅತ್ತೆ ಬಾಲ್ಕನಿಯಲ್ಲಿ ನಿಂತಿದ್ದರು. ಬೆಳಗಿನಿಂದ ಹೋದ ದೋಣಿ, ಬಂದ ದೋಣಿ ಎಣಿಸುತ್ತಿದ್ದರಂತೆ. "ಇನ್ನು ಎರಡೇ ಬಾಕಿ ಇದ್ದವು" ಎಂದಷ್ಟೇ ಹೇಳಿ ಮೊಮ್ಮಗನ ಮುಖ ಒರೆಸಿದರು. ನಾನು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಊರಿಗೆ ಬಂದು ಹದಿನೈದು ದಿನವಾಗಿರಬಹುದು. ಗಾರ್ಡುಗಳು ಪ್ರತಿ ಪ್ರಯಾಣಕ್ಕೂ ವರದಿ ಬರೆಯಬೇಕು: ಯಾವ ನಿಲ್ದಾಣಕ್ಕೆ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು, ತಡವಾಗಿದ್ದರೆ ಕಾರಣವೇನು. ನಿವೃತ್ತಿಯಾದ ಮೇಲೂ ಮಾವ ಮನೆಯ ಪ್ರವಾಸಗಳಿಗೆ ಒಂದು ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆಯುತ್ತಾರೆ. ಅಕ್ಕನ ಮದುವೆಗೆ ಹಾವೇರಿಗೆ ಹೋದದ್ದೂ ಅದರಲ್ಲಿದೆ. ಮಗಳಿಗೆ ಶಾಲೆಯಲ್ಲಿ ರಜೆಯ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದರು. ವೇಳೆ, ದಿನಾಂಕಕ್ಕಾಗಿ ಅಜ್ಜನ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಗೆರೆ ಎಳೆದು ಮಾಡಿದ ಕಾಲಂಗಳು, ನೀಲಿ ಶಾಯಿ.

ಫುಕೆಟ್. ಲಂಗರು 8.10. ದೋಣಿ 9.35. ಧಕ್ಕೆಗೆ ವಾಪಸ್ 15.38. ವಿಳಂಬ: ಘಟ್ಟದಲ್ಲಿ 35 ನಿಮಿಷ. ಕಾರಣ: ವಾಹನ ದಟ್ಟಣೆ. ನನ್ನ ತಪ್ಪಿನ ಸುಳಿವೇ ಇಲ್ಲ.

ಅದರ ಮೇಲಿನ ಸಾಲು ಪೆನಾಂಗ್. ಆಗಮನ 13.05. ನಿರ್ಗಮನ 21.02. ಗಡಿಯಾರ ಗೋಪುರ, ಕೋಟೆ, ಗುಡಿ, ಏಡಿ. ಕೆಳಗೆ, ಸ್ವಲ್ಪ ಜಾಗ ಬಿಟ್ಟು: ಗುಡ್ಡದ ರೈಲು ನೋಡಲಿಲ್ಲ. ವೇಳೆ ಇತ್ತು. ಕಾರಣ: ಕೇಳಲಿಲ್ಲ.

"ಯಾರು ಕೇಳಲಿಲ್ಲ? ಅಜ್ಜ ನಿನ್ನನ್ನೋ, ನೀನು ಅಜ್ಜನನ್ನೋ?" ಎಂದು ಮಗಳು ಪೆನ್ನು ಹಿಡಿದು ಕಾದಳು. ಅದನ್ನು ಮಾವ ಬರೆದಿರಲಿಲ್ಲ.